ಮುಖದ ಅಕ್ಯುಪಂಕ್ಚರ್ ಬಿಂದುಗಳು: ಪುಸ್ತಕದ ಚುಕ್ಕೆ ಒಂದು ಕಡೆ, ಬೆರಳಿಗೆ ಸಿಗೋದು ಇನ್ನೊಂದು ಕಡೆ

ಮಲಪ್ರಭಾ_ಫಿಸಿಯೊ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ಚೀನಿ ವೈದ್ಯಪದ್ಧತಿಯ ಮುಖದ ಬಿಂದುಗಳನ್ನು ಕ್ರಮವಾಗಿ ಕಲಿಯಬೇಕಾಗಿದೆ. ಫಿಸಿಯೊಥೆರಪಿ ಓದಿದ್ದರಿಂದ ಎಲುಬು, ಸ್ನಾಯು, ನರದ ಹೆಸರು ಹೊಸದಲ್ಲ. ಕೈಕಾಲು, ಬೆನ್ನಿನ ಬಿಂದುಗಳು ಬೆರಳಿಗೆ ಸಿಗುತ್ತವೆ. ಮುಖಕ್ಕೆ ಬಂದರೆ ಲೆಕ್ಕ ತಪ್ಪುತ್ತದೆ.

ಹಣೆ, ಕೆನ್ನೆಯ ಮೇಲೆ ಚುನ್ (ಬಿಂದುಗಳ ದೂರ ಹೇಳುವ ಚೀನಿ ಅಳತೆ) ಅಳೆಯುವಾಗ ರೋಗಿಯ ಹೆಬ್ಬೆರಳಿನ ಅಗಲವನ್ನೇ ಹಿಡಿಯಬೇಕೋ, ಬೇರೆ ಅಳತೆ ಇದೆಯೋ? ಬಿಂದುಗಳ ಹೆಸರಿನಲ್ಲಿ ಅಕ್ಷರ ನಾಳದ್ದು (ಚೀನಿ ಪದ್ಧತಿ ಹೇಳುವ ಶಕ್ತಿಯ ಹಾದಿ), ಅಂಕಿ ಅದರ ಮೇಲಿನ ಕ್ರಮಸಂಖ್ಯೆ. ಜಿವಿ 26 ಮತ್ತು ಎಲ್‌ಐ 20 ಒಂದೊಂದು ಪುಸ್ತಕದಲ್ಲಿ ಒಂದೊಂದು ಕಡೆ ಇವೆ, ಯಾವುದನ್ನು ನಂಬಬೇಕು? ಕಿವಿಯ ಮುಂದೆ ಎಸ್‌ಟಿ 7, ಟಿಇ 21, ಎಸ್‌ಐ 19, ಜಿಬಿ 2 ನಾಲ್ಕೂ ಒಂದೇ ಕಡೆ ಗುಂಪುಗೂಡಿದ ಹಾಗೆ ಕಾಣುತ್ತವೆ, ಬಿಡಿಸಿಕೊಳ್ಳುವುದು ಹೇಗೆ? ಕೊನೆಯದಾಗಿ, ಸೂಜಿ ಹಿಡಿಯುವ ಮುನ್ನ ಬೆರಳಿನಿಂದಲೇ ಎಷ್ಟು ಕಲಿಯಬಹುದು?

ಚಾರ್ಟ್‌ಗಳ ಲಿಂಕ್ ಬೇಡ, ಸಾಕಷ್ಟಿವೆ. ಮುಟ್ಟಿ ಗುರುತಿಸುವ ಬಗೆ ಗೊತ್ತಿದ್ದವರು ಹೇಳಿ.

ಗೋಕಾಕ_ಕರದಂಟು, ಬೆಳಗಾವಿ

ಮೊದಲು ಅಳತೆಯನ್ನೇ ಹಿಡಿಯೋಣ, ನಿಮ್ಮ ಅರ್ಧ ಗೊಂದಲ ಅಲ್ಲೇ ಇದೆ. ಹೆಬ್ಬೆರಳಿನ ಚುನ್ ಮುಖಕ್ಕೆ ಬೇಡ. ಮುಖಕ್ಕೆ ಅದರದ್ದೇ ಪಾಲಿನ ಅಳತೆ ಉಂಟು. ಎರಡು ಹುಬ್ಬಿನ ನಡುವಿನಿಂದ ಮುಂಗೂದಲಿನ ಅಂಚಿಗೆ 3 ಚುನ್. ಹಣೆಯ ಎರಡು ಮೂಲೆಗಳಲ್ಲಿರುವ ಎಸ್‌ಟಿ 8 ಬಿಂದುಗಳ ನಡುವೆ ಅಡ್ಡಕ್ಕೆ 9 ಚುನ್. ಒಬ್ಬರ ಹುಬ್ಬಿನಿಂದ ಕೂದಲಂಚಿಗೆ 54 ಮಿ.ಮೀ. ಬಂತೆನ್ನಿ, ಅವರ ಹಣೆಯ 1 ಚುನ್ 18 ಮಿ.ಮೀ. ಆಯಿತು. ಅದೇ ಮನುಷ್ಯ ಹೊಲದಲ್ಲಿ ದುಡಿದವನಾದರೆ ಹೆಬ್ಬೆರಳಿನ ಅಗಲ 23 ಮಿ.ಮೀ. ಇದ್ದೀತು. ತೊಡೆಯ ಮೇಲೆ 5 ಮಿ.ಮೀ. ಹೆಚ್ಚುಕಡಿಮೆ ಆದರೆ ನಡೆಯುತ್ತದೆ. ಮುಖದಲ್ಲಿ ಅಷ್ಟು ತಪ್ಪಿದರೆ ಬೇರೆ ಸ್ನಾಯು, ಬೇರೆ ನರ.

ಇದಕ್ಕೆ ಒಳ್ಳೆಯ ಉಪಕರಣ ಟೇಲರ್ ಅಂಗಡಿಯ ಇಲಾಸ್ಟಿಕ್ ಪಟ್ಟಿ. ಎಳೆಯದೆ ಇಟ್ಟು ಪ್ರತಿ 1 ಸೆಂ.ಮೀ.ಗೆ ಒಂದು ಗೆರೆಯಂತೆ 9 ಭಾಗ ಮಾಡಿ. ಹಣೆಯ ಮೇಲೆ ಲಂಬವಾಗಿ 3 ಭಾಗ ಹಿಡಿದು ಹುಬ್ಬಿನಿಂದ ಕೂದಲಂಚಿನವರೆಗೆ ಎಳೆಯಿರಿ. ಗೆರೆಗಳು ತಾವೇ ಸಮವಾಗಿ ಹರಡಿಕೊಳ್ಳುತ್ತವೆ, ಲೆಕ್ಕ ಹಾಕುವ ಕೆಲಸವೇ ಇಲ್ಲ. ಹುಬ್ಬಿನಿಂದ ಮೊದಲ ಗೆರೆಯ ಮಟ್ಟವನ್ನು ಕಣ್ಣಪಾಪೆಯ ನೇರಕ್ಕೆ ತಂದರೆ ಜಿಬಿ 14. ಹಳೆಯ ಇಲಾಸ್ಟಿಕ್ ಒಂದು ಕಡೆ ಸಡಿಲಾಗಿದ್ದರೆ ಗೆರೆಗಳು ಸಮ ಬರುವುದಿಲ್ಲ, ಹೊಸದನ್ನೇ ತೆಗೆದುಕೊಳ್ಳಿ.

ತಲೆ ಬೋಳಾದವರಲ್ಲಿ ಕೂದಲಂಚು ಎಲ್ಲಿ ಎಂಬ ಪ್ರಶ್ನೆ ಬರುತ್ತದೆ. ಹುಬ್ಬಿನ ನಡುವಿನಿಂದ ಕತ್ತಿನ ಹಿಂದೆ 7ನೇ ಕಶೇರುಕದ ಮುಳ್ಳಿನ ಕೆಳಗಿನವರೆಗೆ ಒಟ್ಟು 18 ಚುನ್. ಅದರ ಆರನೇ ಒಂದು ಭಾಗ ಹಣೆ. ಹುಬ್ಬು ಮೇಲೆತ್ತಿಸಿ ನೋಡಿದರೂ ಸುಮಾರು ತಿಳಿಯುತ್ತದೆ, ಹಣೆಯ ಸುಕ್ಕು ಮುಗಿಯುವಲ್ಲಿ ಹಳೆಯ ಕೂದಲಂಚು ಇತ್ತು.

ಇನ್ನು ಬಿಂದುಗಳನ್ನು ಹೆಸರಿನಿಂದ ಕಂಠಪಾಠ ಮಾಡಬೇಡಿ, ಲಂಬ ಗೆರೆಗಳಿಂದ ಹಿಡಿಯಿರಿ. ನಟ್ಟನಡುವಿನ ಗೆರೆ: ಹುಬ್ಬಿನ ನಡುವೆ ಯಿನ್‌ಟಾಂಗ್, ಮೂಗಿನ ತುದಿಯಲ್ಲಿ ಜಿವಿ 25, ಮೂಗಿನ ಕೆಳಗೆ ಮೇಲ್ದುಟಿಯ ತೋಡಿನಲ್ಲಿ ಜಿವಿ 26, ಕೆಳದುಟಿ ಮತ್ತು ಗಲ್ಲದ ನಡುವಿನ ತಗ್ಗಿನಲ್ಲಿ ಸಿವಿ 24. ಒಳಗಣ್ಣಿನ (ಮೂಗಿನ ಕಡೆಯ ಕಣ್ಣಿನ ಮೂಲೆಯ) ಗೆರೆ: ಬಿಎಲ್ 1, ಅದರ ನೇರ ಮೇಲೆ ಬಿಎಲ್ 2. ಪಾಪೆಯ ಗೆರೆ: ಮೇಲಿನಿಂದ ಜಿಬಿ 14, ಹುಬ್ಬಿನ ಮಧ್ಯದ ಯುಯಾವ್, ಕಣ್ಣಗುಳಿಯ ಕೆಳಅಂಚಿನ ಮೇಲೆ ಎಸ್‌ಟಿ 1, ಕೆಳಗೆ ಎಸ್‌ಟಿ 2, ಮೂಗಿನ ಹೊಳ್ಳೆಯ ಕೆಳಅಂಚಿನ ಮಟ್ಟದಲ್ಲಿ ಎಸ್‌ಟಿ 3. ಹೊರಗಣ್ಣಿನ ಗೆರೆ ಕೆನ್ನೆಎಲುಬಿನ ಕೆಳಅಂಚನ್ನು ದಾಟುವ ತಗ್ಗಿನಲ್ಲಿ ಎಸ್‌ಐ 18. ಹೊರಗಣ್ಣಿನಿಂದ ಅರ್ಧ ಚುನ್ ಆಚೆ ಜಿಬಿ 1, ಅದರ ಮೇಲೆ ಹುಬ್ಬಿನ ಬಾಲದ ತಗ್ಗಿನಲ್ಲಿ ಟಿಇ 23. ಪಾಪೆಯ ಗೆರೆ ಹಿಡಿಯುವಾಗ ಎದುರಿನವರು ನೇರ ದೂರಕ್ಕೆ ನೋಡುತ್ತಿರಬೇಕು. ನಿಮ್ಮ ಮುಖ ನೋಡಿದರೆ ಎರಡೂ ಪಾಪೆ ಒಳಗೆ ಸರಿಯುತ್ತವೆ, ಗೆರೆಯೂ ಸರಿಯುತ್ತದೆ.

ಹುಬ್ಬನ್ನು ನಂಬಿ ಬಿಎಲ್ 2, ಟಿಇ 23 ಹುಡುಕಬೇಡಿ. ಥ್ರೆಡಿಂಗ್ ಮಾಡಿಸಿದ ಹುಬ್ಬು ಎರಡೂ ತುದಿಯಲ್ಲಿ ಗಿಡ್ಡವಾಗಿರುತ್ತದೆ, ಪೆನ್ಸಿಲ್ ಹಚ್ಚಿದ್ದರೆ ಉದ್ದವಾಗಿರುತ್ತದೆ. ಎಲುಬು ಮೋಸ ಮಾಡುವುದಿಲ್ಲ. ಬಿಎಲ್ 2ಕ್ಕೆ ಒಳಗಣ್ಣಿನ ನೇರ ಮೇಲೆ ಕಣ್ಣಗುಳಿಯ ಮೇಲಂಚಿನ ಮೇಲೆ ಉಗುರನ್ನು ಅಡ್ಡಕ್ಕೆ ಜಾರಿಸಿದರೆ ಒಂದು ಸಣ್ಣ ಕಚ್ಚು ಸಿಗುತ್ತದೆ, ಒತ್ತಿದರೆ ನೋವು ಹಣೆಗೆ ಏರುತ್ತದೆ.

ಎಸ್‌ಟಿ 2 ಒಂದನ್ನು ಸರಿಯಾಗಿ ಹಿಡಿದರೆ ಉಳಿದವು ಸಲೀಸು, ಅದಕ್ಕೆ ಸ್ವಲ್ಪ ಹೊತ್ತು ಕೊಡಿ. ತೋರುಬೆರಳಿನ ತುದಿಯನ್ನು ಕಣ್ಣಗುಳಿಯ ಕೆಳಅಂಚಿನ ಮೇಲೆ, ಪಾಪೆಯ ನೇರಕ್ಕೆ ಇಡಿ. ಅಲ್ಲಿಂದ ಕೆಳಕ್ಕೆ ಅರ್ಧ ಬೆರಳಿನಷ್ಟು ಜಾರಿಸಿ. ಗಟ್ಟಿ ಎಲುಬಿನ ಮೇಲೆ ಒಂದು ತಗ್ಗು ಸಿಗಬೇಕು. ಅದೇ ಇನ್ಫ್ರಾಆರ್ಬಿಟಲ್ ರಂಧ್ರ. ಮೆಲ್ಲಗೆ ಒತ್ತಿದರೆ ಮೇಲ್ದುಟಿ, ಮೇಲಿನ ಹಲ್ಲಿನ ಕಡೆಗೆ ಜುಮ್ಮೆನ್ನುವ ಅನುಭವ ಹೋಗುತ್ತದೆ, ಆ ನರ ಅಲ್ಲಿಂದಲೇ ಹೊರಬರುವುದು. ತಗ್ಗು ಸಿಗದಿದ್ದರೆ ಬಹುಪಾಲು ನೀವು ತೀರ ಹೊರಗೆ, ಕೆನ್ನೆಎಲುಬಿನ ಉಬ್ಬಿನ ಮೇಲೆ ಇದ್ದೀರಿ. ಸೂಜಿಯ ಕಾಲ ಬಂದಾಗ ಒಂದು ಮಾತು ನೆನಪಿರಲಿ: ಆ ರಂಧ್ರದ ಬಾಯಿ ಕೆಳಗೆ ಮತ್ತು ಮೂಗಿನ ಕಡೆಗೆ ತೆರೆದಿದೆ. ಸೂಜಿಯನ್ನು ಮೇಲಕ್ಕೆ, ಹೊರಕ್ಕೆ ಓರೆ ಮಾಡಿ ಆಳ ಹೋದರೆ ನೇರ ಕಾಲುವೆಯೊಳಗೆ ಹೊಕ್ಕು ಕಣ್ಣಗುಳಿಯ ಕಡೆ ಸಾಗುತ್ತದೆ. ಆಳ ಹೋಗಬಾರದು ಅನ್ನುವುದಕ್ಕೆ ಕಾರಣ ಇದೇ.

ಭೀಮಾತೀರ_ಸೂಜಿ, ವಿಜಯಪುರ

ಕರದಂಟಿನವರು ಹಣಿ, ಕಣ್ಣಿಂದು ಹೇಳ್ಯಾರ, ನಾ ದವಡಿಗೆ ಬರ್ತೀನಿ. ಕಿವಿ ಮುಂದಿನ ನಾಕೂ ಒಂದೇ ಗುಂಪು ಅಂತ ತಿಳ್ಕೊಂಡಿದ್ದೇ ತಪ್ಪು. ಎಸ್‌ಟಿ 7 ಬ್ಯಾರೆ, ಉಳಿದ ಮೂರು ಬ್ಯಾರೆ. ಎಸ್‌ಟಿ 7 ಬಾಯಿ ಮುಚ್ಚಿದಾಗ ಸಿಗ್ತದ, ಆ ಮೂರು ಬಾಯಿ ತಗದಾಗ ಸಿಗ್ತಾವ. ಇಷ್ಟು ಗೊತ್ತಾದ್ರ ಮುಂದಿಂದು ಸಲೀಸು.

ಬಾಯಿ ಮುಚ್ಚಿಸ್ರಿ. ಕಿವಿ ಮುಂದಿನ ಆ ಸಣ್ಣ ಮಿಳ್ಳಿ, ಟ್ರೇಗಸ್ ಅಂತೀವಲ್ಲ, ಅಲ್ಲಿಂದ ಕೆನ್ನಿ ಎಲಬಿನ ಕೆಳಗ ಕೆಳಗ ಬೆರಳು ಮುಂದಕ್ಕ ಜಾರಸ್ರಿ. ಸುಮಾರು ಒಂದು ಬೆರಳಿನಷ್ಟು ಮುಂದ ಹೋದಾಗ ಎಲಬಿನ ಕಮಾನಿನ ಕೆಳಗ ಒಂದು ತಗ್ಗು ಸಿಗ್ತದ. ಬೆರಳು ಅಲ್ಲೇ ಇಟ್ಟು ಬಾಯಿ ತಗೀರಿ ಅನ್ರಿ. ದವಡಿ ಎಲಬಿನ ಗುಂಡು ಮುಂದ ಬಂದು ನಿಮ್ಮ ಬೆರಳನ್ನ ಹೊರಗ ನೂಕಬೇಕು. ನೂಕ್ತು ಅಂದ್ರ ಎಸ್‌ಟಿ 7 ಖರೆ. ನೂಕಲಿಲ್ಲ ಅಂದ್ರ ನೀವು ಇನ್ನೂ ಮುಂದ ಹೋಗೀರಿ. ಅದಕ್ಕ ಸೂಜಿ ಇದ್ದಾಗ ಮಾತಾಡಸಬ್ಯಾಡ್ರಿ, ಆಕಳಿಸಬ್ಯಾಡ ಅಂತ ಮೊದಲ ಹೇಳ್ರಿ. ಆ ಗುಂಡು ಮುಂದ ಬಂದ್ರ ಸೂಜಿ ಬಗ್ತದ.

ಈಗ ಬಾಯಿ ತಗಸಿ ಟ್ರೇಗಸ್‌ಗೆ ಒತ್ತಿ ಮುಂದ ಬೆರಳು ಇಡ್ರಿ. ಗುಂಡು ಮುಂದ ಹೋಗಿದ್ದಕ್ಕ ಹಿಂದ ಉದ್ದಕ ಒಂದು ತಗ್ಗು ಬಿದ್ದಿರ್ತದ. ಅದರೊಳಗ ಮೂರೂ ಸಾಲಾಗಿ ಅದಾವ. ಟ್ರೇಗಸ್ ಮ್ಯಾಲಿನ ಕಚ್ಚಿನ ಮಟ್ಟಕ್ಕ ಟಿಇ 21, ಟ್ರೇಗಸ್ ನಡುವಿನ ಮಟ್ಟಕ್ಕ ಎಸ್‌ಐ 19, ಕೆಳಗಿನ ಕಚ್ಚಿನ ಮಟ್ಟಕ್ಕ ಜಿಬಿ 2. ಅಲ್ಲೇ ನಾಡಿ ಬಡೀತದ, ಕಿವಿ ಮುಂದ ಹಾದು ಹಣಿಗೆ ಏರೋ ರಕ್ತನಾಳ ಅದು. ನಾಡಿ ಸಿಕ್ಕ ಮ್ಯಾಲ ಅದರ ಬಾಜೂಕ ಸರೀರಿ.

ನಮ್ಮ ಕಡೆ ಒಂದು ತೊಂದರಿ ಪುಸ್ತಕದಾಗ ಬರಂಗಿಲ್ಲ. ಗುಟಖಾ, ಮಾವಾ, ತಂಬಾಕು ವರ್ಷಗಟ್ಟಲೆ ಅಗದವರ ಬಾಯಿ ಪೂರ್ತಿ ತಗಿಯಂಗಿಲ್ಲ, ಒಳಗಿನ ಪೊರೆ ಬಿಗದು ಗಟ್ಟಿ ಆಗಿರ್ತದ. ಅವರದೇ ಮೂರು ಬೆರಳು ನಿಲ್ಲಿಸಿ ಬಾಯಾಗ ಹೋಗ್ತಾವೇನು ನೋಡ್ರಿ. ಎರಡೂ ಹೋಗದಿದ್ರ ಆ ತಗ್ಗು ಸರಿಯಾಗಿ ಬೀಳಂಗಿಲ್ಲ, ಎಸ್‌ಐ 19 ಹುಡುಕ್ಕೋತ ಕುಂಡ್ರಬ್ಯಾಡ್ರಿ. ಒಳಗ ಬೆಳ್ಳಗಾದ ಪೊರೆ, ಮಾಯದ ಹುಣ್ಣು ಕಂಡ್ರ ಮೊದಲ ದಂತವೈದ್ಯರ ಕಡೆ ಕಳಸ್ರಿ. ದವಡಿ ನೋವಿಗೆ ಸೂಜಿ ಹಾಕ್ಕೋತ ಕ್ಯಾನ್ಸರ್ ಬಿಟ್ಟುಬಿಟ್ಟೀರಿ ಮತ್ತ.

ಎಸ್‌ಟಿ 6ಕ್ಕ ಹಲ್ಲು ಕಚ್ಚಸ್ರಿ. ದವಡಿ ಮೂಲಿಯಿಂದ ಮುಂದಕ್ಕ ಮ್ಯಾಲಕ್ಕ ಓರೆಯಾಗಿ ನಡುಬೆರಳಿನ ಅಗಲದಷ್ಟು ದೂರಕ್ಕ ಸ್ನಾಯು ಉಬ್ತದ, ಆ ಉಬ್ಬಿನ ತುದಿ. ಹಲ್ಲು ಬಿಡಿಸಿದ್ರ ಅಲ್ಲೇ ತಗ್ಗು ಆಗ್ತದ. ಎಸ್‌ಟಿ 5 ಅದೇ ಸ್ನಾಯುವಿನ ಮುಂದಿನ ಅಂಚಿಗೆ, ದವಡಿ ಎಲಬಿನ ಮ್ಯಾಲ, ಮುಖದ ರಕ್ತನಾಳದ ನಾಡಿ ಬಡಿಯೋ ಕಡೆ. ಅಲ್ಲೂ ನಾಡಿ ಬಿಟ್ಟು ಬಾಜೂಕ. ಹಲ್ಲಿಲ್ಲದ ಮುದುಕರಾಗ ಕಚ್ಚಸಿದ್ರ ದವಡಿ ಮಿತಿಗಿಂತ ಹೆಚ್ಚು ಮ್ಯಾಲ ಏರ್ತದ, ತುಟಿ ಮೂಲಿ ಒಳಗ ಹೋಗ್ತದ, ಎಸ್‌ಟಿ 4ರ ಅಳತಿ ಕೆಡ್ತದ. ಹಲ್ಲಿನ ಸೆಟ್ ಇದ್ರ ಹಾಕ್ಕೊಳ್ರಿ ಅನ್ರಿ, ಆಮ್ಯಾಲ ತುಟಿ ಮೂಲಿಯಿಂದ 0.4 ಚುನ್ ಅಳೀರಿ.

ಶಹಾಪುರ_ಪೇಠೆ, ಬೆಳಗಾವಿ

ಮೇಲಿನ ಇಬ್ಬರೂ ಅಂಗರಚನೆಯ ಕಡೆಗೆ ತುಸು ಹೆಚ್ಚೇ ವಾಲಿದ್ದಾರೆ. ಗುರುತು ಹಿಡಿಯಲು ಅದು ಸರಿ. ಆದರೆ ಚೀನಿ ಪದ್ಧತಿಯಲ್ಲಿ ಈ ಬಿಂದುಗಳು ಏಕೆ ಇಲ್ಲಿವೆ, ಒಂದನ್ನು ಬಿಟ್ಟು ಇನ್ನೊಂದನ್ನು ಏಕೆ ಆರಿಸುತ್ತಾರೆ ಎಂಬುದಕ್ಕೆ ನಾಳಗಳ ಹಾದಿ ಗೊತ್ತಿರಬೇಕು.

ನಾಳಗಳಲ್ಲಿ ಯಿನ್, ಯಾಂಗ್ ಎಂದು ಎರಡು ಬಗೆ. ಮುಖಕ್ಕೆ ಬರುವುದು ಆರು ಯಾಂಗ್ ನಾಳಗಳು. ಕೈಯಿಂದ ಬಂದ ಮೂರು ಇಲ್ಲಿ ಮುಗಿಯುತ್ತವೆ, ಕಾಲಿಗೆ ಹೋಗುವ ಮೂರು ಇಲ್ಲೇ ಶುರುವಾಗುತ್ತವೆ. ದೊಡ್ಡಕರುಳಿನ ನಾಳ ಎಲ್‌ಐ 20ರಲ್ಲಿ ನಿಲ್ಲುತ್ತದೆ, ಜಠರದ್ದು ಎಸ್‌ಟಿ 1ರಲ್ಲಿ ಹೊರಡುತ್ತದೆ. ಸಣ್ಣಕರುಳಿನದು ಎಸ್‌ಐ 19ಕ್ಕೆ ಮುಗಿದರೆ ಮೂತ್ರಕೋಶದ್ದು ಬಿಎಲ್ 1ಕ್ಕೆ ಆರಂಭ. ತ್ರಿಉಷ್ಣದ (ಟ್ರಿಪಲ್ ಎನರ್ಜೈಸರ್) ನಾಳ ಟಿಇ 23ರಲ್ಲಿ ಮುಗಿದು ಪಿತ್ತಕೋಶದ್ದು ಜಿಬಿ 1ರಲ್ಲಿ ಎದ್ದೇಳುತ್ತದೆ. ಈ ಮೂರು ಜೋಡಿ ಕೂತರೆ ಮುಖದ ನಕಾಶೆ ತಲೆಯಲ್ಲಿ ಉಳಿಯುತ್ತದೆ. ಉಳಿದದ್ದು ನಡುಗೆರೆಯ ಜಿವಿ, ಸಿವಿ. ಯಿನ್ ಅಂಗನಾಳಗಳಿಗೆ ಮುಖದ ಮೇಲೆ ಸ್ವಂತ ಬಿಂದು ಇಲ್ಲ.

ಒಂದು ಸೂಕ್ಷ್ಮವಿದೆ, ಪರೀಕ್ಷೆಯಲ್ಲಿ ಇಲ್ಲೇ ಎಡವುತ್ತಾರೆ. ದೊಡ್ಡಕರುಳಿನ ನಾಳ ಜಿವಿ 26ರ ಹತ್ತಿರ ಅಡ್ಡ ದಾಟುತ್ತದೆ. ಎಡಗೈಯಿಂದ ಬಂದದ್ದು ಮೂಗಿನ ಬಲಕ್ಕೆ, ಬಲಗೈಯದು ಎಡಕ್ಕೆ. ಮುಖದ ಒಂದು ಬದಿಯ ತೊಂದರೆಗೆ ಎದುರು ಕೈಯ ಎಲ್‌ಐ 4 ಆರಿಸುವ ರೂಢಿಗೆ ಈ ದಾಟುವಿಕೆಯನ್ನೇ ಆಧಾರ ಮಾಡುತ್ತಾರೆ. ಮುಖ, ಬಾಯಿಯ ತೊಂದರೆಗೆ ಎಲ್‌ಐ 4 ಎಂಬುದು ಚೀನಿ ಪಾಠದ ಪದ್ಯದಲ್ಲೇ ಬರುತ್ತದೆ. ಗರ್ಭಿಣಿಯರಲ್ಲಿ ಮಾತ್ರ ಸಂಪ್ರದಾಯವೇ ಅದನ್ನು ಬೇಡ ಎನ್ನುತ್ತದೆ.

ಇನ್ನು ಪುಸ್ತಕಗಳ ಜಗಳ. ವಿಶ್ವ ಆರೋಗ್ಯ ಸಂಸ್ಥೆಯ ಪಶ್ಚಿಮ ಪೆಸಿಫಿಕ್ ಪ್ರಾದೇಶಿಕ ಕಚೇರಿ 2008ರಲ್ಲಿ 361 ಬಿಂದುಗಳ ಜಾಗವನ್ನು ಪ್ರಮಾಣೀಕರಿಸಿ ಪ್ರಕಟಿಸಿತು. ಅದರಲ್ಲೂ 6 ಬಿಂದುಗಳಿಗೆ ಎರಡು ಜಾಗ ಉಳಿದವು. ನಿಮ್ಮ ದುರಾದೃಷ್ಟಕ್ಕೆ ಅದರಲ್ಲಿ ಮೂರು ಮುಖದ ಮೇಲೇ ಇವೆ: ಎಲ್‌ಐ 19, ಎಲ್‌ಐ 20, ಜಿವಿ 26. ಎಲ್‌ಐ 20 ಮೂಗಿನ ಪಕ್ಕದ ನಗೆಗೆರೆಯಲ್ಲಿ, ಹೊಳ್ಳೆಯ ಹೊರಅಂಚಿನ ಮಧ್ಯದ ಮಟ್ಟಕ್ಕೆ. ಪರ್ಯಾಯ ಜಾಗ ಅದೇ ಗೆರೆಯಲ್ಲಿ ಹೊಳ್ಳೆಯ ಕೆಳಅಂಚಿನ ಮಟ್ಟಕ್ಕೆ. ಜಿವಿ 26 ಮೇಲ್ದುಟಿಯ ತೋಡಿನ ನಡುಮಧ್ಯ. ಪರ್ಯಾಯ ಜಾಗ ಮೇಲಿನ ಮೂರನೇ ಒಂದು ಭಾಗ ಮುಗಿಯುವಲ್ಲಿ. ಆದ್ದರಿಂದ ನಿಮ್ಮ ಎರಡೂ ಪುಸ್ತಕ ಸರಿಯೇ. ಮೊದಲು ಹೇಳಿದ ಜಾಗವನ್ನು ಮುಖ್ಯವೆಂದು ಕಲಿತು, ಕೇಸ್ ಪೇಪರಿನಲ್ಲಿ ಯಾವುದನ್ನು ಬಳಸಿದಿರಿ ಎಂದು ಬರೆಯಿರಿ. ಎಲ್‌ಐ 20 ಹುಡುಕುವಾಗ ಒಮ್ಮೆ ನಗಿಸಿ, ಗೆರೆ ತಾನೇ ಎದ್ದು ಕಾಣುತ್ತದೆ. ಮೂಗುತಿ ಹೊಳ್ಳೆಯ ಮೇಲಿರುತ್ತದೆ, ಬಿಂದು ಅದರ ಆಚೆಯ ಗೆರೆಯಲ್ಲಿ, ಹಾಗಾಗಿ ತೆಗೆಸುವ ಅಗತ್ಯ ಬೀಳುವುದಿಲ್ಲ.

ಯಿನ್‌ಟಾಂಗ್ ಕೂಡ ಹೀಗೆಯೇ. ಹಳೆಯ ಪುಸ್ತಕಗಳಲ್ಲಿ ಅದು ಹೆಚ್ಚುವರಿ ಬಿಂದು. ಚೀನಾದ 2006ರ ರಾಷ್ಟ್ರೀಯ ಮಾನಕ ಅದನ್ನು ಜಿವಿ ನಾಳಕ್ಕೆ ಸೇರಿಸಿ ಜಿವಿ 29 ಎಂದಿತು, ಅಲ್ಲಿಂದ ಅವರ ಲೆಕ್ಕ 362. ಎರಡೂ ಹೆಸರು ಕಂಡಾಗ ಬೆದರಬೇಡಿ, ಜಾಗ ಒಂದೇ.

ಗೋಕಾಕ_ಕರದಂಟು, ಬೆಳಗಾವಿ

ಶಹಾಪುರದವರ ಮಾತು ಒಪ್ಪಿದೆ, ಆದರೆ ಕ್ರಮ ಮಾತ್ರ ಒಪ್ಪುವುದಿಲ್ಲ. ನಾಳದ ಹಾದಿ ಬಾಯಿಪಾಠ ಆದವರ ಬೆರಳು ಎಸ್‌ಟಿ 2ರ ಬದಲು ಕೆನ್ನೆಎಲುಬಿನ ಮೇಲೆ ಕೂತರೆ ಆ ಹಾದಿಯಿಂದ ಉಪಯೋಗವೇನು? ಮೊದಲು ಎಲುಬು, ಆಮೇಲೆ ನಾಳ.

ಮಲಪ್ರಭಾ_ಫಿಸಿಯೊ, ಬಾಗಲಕೋಟೆ

ಬಾಯಿ ಮುಚ್ಚಿ ಒಂದು, ತೆರೆದು ಮೂರು ಅನ್ನುವುದರಿಂದ ಕಿವಿಯ ಮುಂದಿನದು ಬಗೆಹರಿಯಿತು, ಇಲಾಸ್ಟಿಕ್ ಕೂಡ ಕೆಲಸಕ್ಕೆ ಬಂತು. ಇನ್ನೆರಡು ಕೇಳುತ್ತೇನೆ. ಮುಖದ ಪಾರ್ಶ್ವವಾಯು, ಅಂದರೆ ಬೆಲ್ಸ್ ಪಾಲ್ಸಿಯವರು ಫಿಸಿಯೊಗೆ ಬಂದಾಗ ಈ ಬಿಂದುಗಳನ್ನು ಯಾವಾಗ, ಹೇಗೆ ಬಳಸಬೇಕು? ಮತ್ತು ಮುಖದಲ್ಲಿ ಸೂಜಿಯ ಅಳತೆ, ಆಳ ಎಷ್ಟು? ಪುಸ್ತಕದಲ್ಲಿ 0.3ರಿಂದ 0.5 ಚುನ್ ಎಂದಿದೆ. ಹಣೆಯಲ್ಲಿ ಅಷ್ಟು ಮಾಂಸವೇ ಇಲ್ಲವಲ್ಲ?

ಕೃಷ್ಣಾ_ಮೇಲ್ದಂಡೆ, ಬಾಗಲಕೋಟೆ

ಆಳದ ಲೆಕ್ಕ ಮೊದಲು. ಹಣೆಯಲ್ಲಿ ಸೂಜಿ ನೆಟ್ಟಗೆ ಹೋಗುವುದಿಲ್ಲ, ಚರ್ಮದಡಿ ಮಲಗಿ ಹೋಗುತ್ತದೆ. ಸುಮಾರು 15 ಡಿಗ್ರಿ ಓರೆಯಲ್ಲಿ 10 ಮಿ.ಮೀ. ಒಳಗೆ ಹೋದ ಸೂಜಿಯ ತುದಿ ಚರ್ಮದಿಂದ ಎರಡೂವರೆ ಮಿ.ಮೀ. ಚಿಲ್ಲರೆ ಆಳದಲ್ಲಿರುತ್ತದೆ ಅಷ್ಟೇ. ಪುಸ್ತಕದ 0.3–0.5 ಚುನ್ ಅಂದರೆ ಒಳಹೊಕ್ಕ ಉದ್ದ, ಲಂಬ ಆಳ ಅಲ್ಲ. ಯಿನ್‌ಟಾಂಗ್‌ನಲ್ಲಿ ಹುಬ್ಬಿನ ನಡುವಿನ ಚರ್ಮವನ್ನು ಎರಡು ಬೆರಳಿನಿಂದ ಚಿವುಟಿ ಎತ್ತಿ, ಮೇಲಿನಿಂದ ಮೂಗಿನ ಕಡೆಗೆ ಮಲಗಿಸಿ ಹಾಕುತ್ತಾರೆ. ಚಿವುಟದೆ ಹಾಕಿದರೆ ತುದಿ ಎಲುಬಿನ ಪೊರೆಗೆ ತಾಗುತ್ತದೆ, ಕೂಡಲೇ ಚುರುಕು ನೋವು. ಆಗ ಮುಂದೆ ತಳ್ಳದೆ ಸ್ವಲ್ಪ ಹಿಂದೆಳೆದು ಓರೆ ಕಡಿಮೆ ಮಾಡಬೇಕು. ಎಸ್‌ಟಿ 7, ಎಸ್‌ಟಿ 6ರಂಥ ಮಾಂಸಲ ಜಾಗದಲ್ಲಿ ಮಾತ್ರ ನೆಟ್ಟಗೆ ಹಾಕುವ ಪ್ರಶ್ನೆ. ಮುಖಕ್ಕೆ 0.16ರಿಂದ 0.20 ಮಿ.ಮೀ. ದಪ್ಪದ, 13ರಿಂದ 25 ಮಿ.ಮೀ. ಉದ್ದದ ಸೂಜಿ ಸಾಕು. ಬೆನ್ನಿಗೆ ಬಳಸುವ 0.25ರದ್ದನ್ನು ಕಣ್ಣಿನ ಸುತ್ತ ತರಬೇಡಿ.

ಬಿಎಲ್ 1, ಎಸ್‌ಟಿ 1 ಕಣ್ಣುಗುಡ್ಡೆ ಮತ್ತು ಎಲುಬಿನ ನಡುವಿನ ಬಿಂದುಗಳು. ಕಲಿಯುವವರಿಗೆ ಇಲ್ಲಿ ಸೂಜಿ ಇಲ್ಲವೇ ಇಲ್ಲ ಎಂದು ಇಟ್ಟುಕೊಳ್ಳಿ. ಅಲ್ಲಿಯ ಅಂಗಾಂಶ ಸಡಿಲ, ರಕ್ತನಾಳ ಹೇರಳ. ಒಂದು ಸಣ್ಣ ನಾಳ ಒಡೆದರೂ ಕಣ್ಣಿನ ಸುತ್ತ ಕಪ್ಪಗೆ ಊದಿ ವಾರಗಟ್ಟಲೆ ಉಳಿಯುತ್ತದೆ. ಅದಕ್ಕಿಂತ ಕೆಟ್ಟದ್ದೂ ಆಗಬಹುದು. ಬೆರಳಿನಿಂದ ಒತ್ತುವಾಗಲೂ ಬಿಎಲ್ 1ರಲ್ಲಿ ಕಿರುಬೆರಳಿನ ತುದಿಯಿಂದ ಮೂಗಿನ ಎಲುಬಿನ ಕಡೆಗೆ ಒತ್ತಿ, ಗುಡ್ಡೆಯ ಕಡೆಗಲ್ಲ. ಗುಡ್ಡೆ ಒತ್ತಿದರೆ ಪ್ರತಿವರ್ತನೆಯಿಂದ ಹೃದಯದ ಬಡಿತ ಇಳಿದು ತಲೆಸುತ್ತು ಬರಬಹುದು.

ಸೂಜಿ ತೆಗೆದ ಮೇಲೆ ಮುಖದಲ್ಲಿ ಒಣ ಹತ್ತಿಯಿಂದ ಒಂದು ನಿಮಿಷ ಒತ್ತಿ ಹಿಡಿಯಬೇಕು. ಉಜ್ಜಬಾರದು. ಕಂದಿದರೆ ಮೊದಲ ದಿನ ತಣ್ಣನೆಯ ಬಟ್ಟೆ, ಮರುದಿನದಿಂದ ಬಿಸಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್, ಕ್ಲೊಪಿಡೊಗ್ರೆಲ್, ಆಸ್ಪಿರಿನ್ ತೆಗೆದುಕೊಳ್ಳುವವರನ್ನು ಮೊದಲೇ ಕೇಳಿ ಗುರುತಿಸಿ. ಮೊಡವೆ, ಕುರು ಇರುವ ಜಾಗಕ್ಕೆ ಸೂಜಿಯೂ ಬೇಡ, ಒತ್ತುವುದೂ ಬೇಡ, ಅದರಲ್ಲೂ ಮೂಗು ಮತ್ತು ಮೇಲ್ದುಟಿಯ ಸುತ್ತ. ಅಲ್ಲಿಯ ಅಭಿಧಮನಿಗಳಿಗೆ ಕಣ್ಣಗುಳಿಯ ಮೂಲಕ ತಲೆಬುರುಡೆಯೊಳಗಿನ ಕುಹರಕ್ಕೆ ಸಂಪರ್ಕ ಇದೆ. ಸೋಂಕು ಆ ದಾರಿ ಹಿಡಿಯಬಲ್ಲದು.

ಬೆಲ್ಸ್ ಪಾಲ್ಸಿ. ಮೊದಲ ಪ್ರಶ್ನೆ ಬಿಂದುವಿನದ್ದಲ್ಲ, ಇದು ನಿಜಕ್ಕೂ ಬೆಲ್ಸ್ ಹೌದೋ ಎಂಬುದು. ಹುಬ್ಬೆತ್ತಿಸಿ. ಸೊಟ್ಟಾದ ಬದಿಯ ಹಣೆಯಲ್ಲೂ ಸುಕ್ಕು ಸರಿಯಾಗಿ ಮೂಡಿದರೆ, ಅಥವಾ ಕೈ ಕಾಲು ಸೋತಿದ್ದರೆ, ಮಾತು ತೊದಲಿದರೆ ಮಿದುಳಿನ ಪಾರ್ಶ್ವವಾಯು (ಸ್ಟ್ರೋಕ್) ಎಂದು ತಿಳಿದು ತಕ್ಷಣ ಆಸ್ಪತ್ರೆಗೆ. ಹಣೆಯ ಸುಕ್ಕೂ ಮೂಡದಿದ್ದರೆ ಹೊರನರದ ತೊಂದರೆ. ಕಿವಿಯ ಸುತ್ತ ಗುಳ್ಳೆಗಳಿವೆಯೇ ನೋಡಿ, ಇದ್ದರೆ ಸರ್ಪಸುತ್ತಿನ ವೈರಸ್, ಅದರ ಚಿಕಿತ್ಸೆ ಬೇರೆ. ಬೆಲ್ಸ್ ಆದರೂ 72 ಗಂಟೆಯೊಳಗೆ ವೈದ್ಯರು ಸ್ಟಿರಾಯ್ಡ್ ಮಾತ್ರೆ ಶುರುಮಾಡಿದರೆ ಪೂರ್ತಿ ಗುಣವಾಗುವ ಸಾಧ್ಯತೆ ಹೆಚ್ಚು. ಸೂಜಿಯ ನೆಪದಲ್ಲಿ ಆ ಮೂರು ದಿನ ಕಳೆಯುವುದು ಅಪರಾಧವೇ ಸರಿ. ಕಣ್ಣು ಮುಚ್ಚದಿದ್ದರೆ ಹಗಲು ಕಣ್ಣೀರಿನಂಥ ಹನಿ, ರಾತ್ರಿ ಮುಲಾಮು ಹಾಕಿ ರೆಪ್ಪೆಗೆ ಟೇಪ್. ಬೇಸಿಗೆಯ ಬಿಸಿಗಾಳಿಯಲ್ಲಿ ಬೈಕ್ ಮೇಲೆ ಹೋಗುವವರ ಕಾರ್ನಿಯಾ ಬೇಗ ಒಣಗುತ್ತದೆ, ಮುಚ್ಚಿದ ಕನ್ನಡಕ ಹಾಕಿಸಿ.

ಅದಾದ ಮೇಲೆ ಬಿಂದುಗಳು. ರೂಢಿಯಲ್ಲಿರುವುದು ಟಿಇ 17, ಜಿಬಿ 14, ಎಸ್‌ಟಿ 4, ಎಸ್‌ಟಿ 6, ಜೊತೆಗೆ ಕೈಯ ಎಲ್‌ಐ 4. ಟಿಇ 17 ಕಿವಿಯ ಹಾಲೆಯ ಹಿಂದೆ, ಹಿಂಬದಿಯ ಎಲುಬಿನ ಉಬ್ಬಿನ ಕೆಳತುದಿಯ ಮುಂದಿನ ತಗ್ಗಿನಲ್ಲಿ. ಮುಖದ ನರ ತಲೆಬುರುಡೆಯಿಂದ ಹೊರಬರುವುದು ಅದರ ಆಳದಲ್ಲೇ, ಹಾಗಾಗಿ ಅಲ್ಲಿ ಚುಚ್ಚುವಿಕೆ ನಿಧಾನ. ಕರೆಂಟ್ ಹೊಡೆದಂತೆ ಆದರೆ ನರಕ್ಕೆ ತಾಗಿದೆ, ಹಿಂದೆಳೆಯಿರಿ. ಬೇಕಾದದ್ದು ಮಂದ ಭಾರದ ಅನುಭವ. ಮೊದಲ ವಾರ ಮುಖದಲ್ಲಿ ಕಡಿಮೆ ಸೂಜಿ, ಹೆಚ್ಚು ಆಳವಿಲ್ಲದೆ, ತಿರುಗಿಸುವುದು ಬೇಡ, ವಿದ್ಯುತ್ ಯಂತ್ರ ಅಂತೂ ಬೇಡವೇ ಬೇಡ. ಎಸ್‌ಟಿ 4ರಿಂದ ಎಸ್‌ಟಿ 6ರ ಕಡೆಗೆ ಚರ್ಮದಡಿ ಉದ್ದ ಸೂಜಿ ಪೋಣಿಸುವ ವಿಧಾನ ಕೇಳಿರುತ್ತೀರಿ. ಅದು ಕೈ ಪಳಗಿದ ಮೇಲಿನ ಮಾತು.

ರೋಗಿಗೆ ಇದನ್ನೂ ಹೇಳಿ: ಬೆಲ್ಸ್ ಪಾಲ್ಸಿ ಹತ್ತರಲ್ಲಿ ಸುಮಾರು ಏಳು ಮಂದಿಗೆ ಏನೂ ಮಾಡದಿದ್ದರೂ ಪೂರ್ತಿ ಹೋಗುತ್ತದೆ. ಅಕ್ಯುಪಂಕ್ಚರ್‌ನಿಂದಲೇ ಹೋಯಿತು ಎನ್ನಲು ಗಟ್ಟಿ ಪುರಾವೆ ಈವರೆಗೆ ಸಾಲದು. ಸೂಜಿ ಹಾಕಿದವರು ಕೀರ್ತಿ ತೆಗೆದುಕೊಳ್ಳುವುದು ಸುಲಭ, ಅದಕ್ಕೇ ಈ ಎಚ್ಚರಿಕೆ.

ಗಡಿಯಾಚೆ_ಈಚೆ, ಬೆಳಗಾವಿ

ಯಾರೂ ಕಾನೂನು ಎತ್ತಲಿಲ್ಲ, ಹಾಗಾಗಿ ಚಿಕ್ಕದಾಗಿ. ಕೇಂದ್ರ ಆರೋಗ್ಯ ಸಚಿವಾಲಯದ 2003ರ ನವೆಂಬರ್ ಆದೇಶ ಅಕ್ಯುಪಂಕ್ಚರನ್ನು ಚಿಕಿತ್ಸಾ ವಿಧಾನವಾಗಿ, ನೋಂದಾಯಿತ ವೈದ್ಯರು ಅಥವಾ ತಕ್ಕ ತರಬೇತಿ ಪಡೆದವರು ಮಾಡಬಹುದೆಂದು ಒಪ್ಪಿತು. 2019ರ ಫೆಬ್ರವರಿಯಲ್ಲಿ ಅದಕ್ಕೆ ಸ್ವತಂತ್ರ ಪದ್ಧತಿಯ ಮಾನ್ಯತೆ ಸಿಕ್ಕಿತು. ಮಹಾರಾಷ್ಟ್ರ ತನ್ನದೇ ಅಕ್ಯುಪಂಕ್ಚರ್ ಕಾಯ್ದೆಯನ್ನು 2015ರ ಹೆಸರಿನಲ್ಲಿ ಮಾಡಿದೆ. ನಮ್ಮ ಕಡೆಯವರು ಕೊಲ್ಹಾಪುರ, ಸಾಂಗಲಿ, ಸೊಲ್ಲಾಪುರ ಕಡೆ ಕೋರ್ಸಿಗೆ ಹೋಗುವುದು ಸಾಮಾನ್ಯ, ಆದರೆ ಆ ಕಾಯ್ದೆಯ ನೋಂದಣಿ ಆ ರಾಜ್ಯಕ್ಕೆ ಸಂಬಂಧಿಸಿದ್ದು. ಕರ್ನಾಟಕದಲ್ಲಿ ಬೋರ್ಡ್ ಹಾಕುವ ಮುನ್ನ ಇಲ್ಲಿನ ನಿಯಮವನ್ನು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ಬರಹದಲ್ಲೇ ಕೇಳಿ. ವಾರಾಂತ್ಯದ ಎರಡು ದಿನದ ಸರ್ಟಿಫಿಕೇಟಿನಿಂದ ಮುಖಕ್ಕೆ ಸೂಜಿ ಹಾಕುವ ಬ್ಯೂಟಿ ಪಾರ್ಲರ್ ಕೋರ್ಸ್‌ಗಳಿಂದ ದೂರ ಇರಿ. ಸುಕ್ಕು ಹೋಗುತ್ತದೆ ಎಂಬ ಮಾತಿಗಂತೂ ಪುರಾವೆ ತೀರ ತೆಳು.

ಬಳಸಿದ ಸೂಜಿ ಜೈವಿಕ ತ್ಯಾಜ್ಯ. 2016ರ ನಿಯಮದ ಪ್ರಕಾರ ಚುಚ್ಚಿದರೂ ತೂತಾಗದ ಬಿಳಿ ಅರೆಪಾರದರ್ಶಕ ಡಬ್ಬಿಗೆ ಹೋಗಬೇಕು, ಮನೆಯ ಕಸಕ್ಕಲ್ಲ.

ಭೀಮಾತೀರ_ಸೂಜಿ, ವಿಜಯಪುರ

ಬೆರಳಿನಿಂದ ಎಷ್ಟು ಕಲೀಬಹುದು ಅನ್ನೋ ಪ್ರಶ್ನೆ ಹಂಗೇ ಉಳದದ. ಜಾಗ ಹಿಡಿಯೋದು ಪೂರಾ ಬೆರಳಿಂದೇ ಆಗ್ತದ. ಪ್ಲಾಸ್ಟಿಕ್ ತಲಿಬುರುಡಿ ಒಂದು ಎಡಗೈಯಾಗ, ಬಲಗೈ ಗೆಳ್ಯಾನ ಮುಖದ ಮ್ಯಾಲ. ಕಣ್ಣು ಮುಚ್ಚಿ ಎರಡೂ ಕಡೆ ಒಂದೇ ತಗ್ಗು ಹುಡುಕ್ರಿ. ಕನ್ನಡಿ ಮುಂದ ನಿಮ್ಮ ಮುಖದ ಮ್ಯಾಲ ಮಾಡಿದ್ರ ಎಡಬಲ ತಲೆಕೆಳಗಾಗ್ತದ, ಒತ್ತಿದ್ದು ಹೆಂಗ ಅನಸ್ತದ ಅಂತ ತಿಳಿಯಾಕ ಅಷ್ಟೇ ಅದು ಬೇಕು. ಒಂದೇ ಮುಖದ ಮ್ಯಾಲ ಕಲೀಬ್ಯಾಡ್ರಿ: ತುಂಬಿದ ಕೆನ್ನಿ, ಒಣಗಿದ ಕೆನ್ನಿ, ಹುಡುಗರು, ಮುದುಕರು, ಎಲ್ಲಾ ಬೇಕು. ಗುರುತಿಗೆ ಪೆನ್ ಬ್ಯಾಡ, ಹುಬ್ಬಿನ ಪೆನ್ಸಿಲ್ ಹಿಡೀರಿ, ಒರಸಿದ್ರ ಹೋಗ್ತದ. ನಮ್ಮ ಏಪ್ರಿಲ್ ಮೇ ಬಿಸಲಾಗ ಬೆವರಿಗೆ ಅದೂ ಹರೀತದ, ಒರಸಿ ಒಣಗಿಸಿ ಗುರುತು ಮಾಡ್ರಿ.

ಒತ್ತೋದು ಎಷ್ಟು ಅಂದ್ರ ನಿಮ್ಮ ಉಗುರಿನ ತುದಿ ಬೆಳ್ಳಗಾಗುವಷ್ಟು, ಒಂದೊಂದು ಜಾಗಕ್ಕ ಒಂದೆರಡು ನಿಮಿಷ. ಮೂರ್ಛೆ ಬಂದವರಿಗೆ ಜಿವಿ 26 ಉಗುರಿನಿಂದ ಒತ್ತೋದು ಹಳೇ ರೂಢಿ. ಒತ್ರಿ, ಆದ್ರ ಅದಕ್ಕೂ ಮೊದಲ ಅಂಗಾತ ಮಲಗಿಸಿ ಕಾಲು ಎತ್ತಿ, ಎಚ್ಚರ ಆಗದಿದ್ರ 108ಕ್ಕ ಫೋನ್.

ಮಲಗಿಸಿ ಹಾಕೋ ಸೂಜಿಗೆ ಕೈ ಕೂಡಿಸಬೇಕಂದ್ರ ದಪ್ಪ ಸಿಪ್ಪಿ ಮೋಸಂಬಿ ತಗೋರಿ. ಸಿಪ್ಪಿಯೊಳಗೇ 10 ಮಿ.ಮೀ. ಓಡಸ್ರಿ. ರಸ ಬಂತಂದ್ರ ಆಳ ಹೋಯ್ತು, ತುದಿ ಹೊರಗ ಬಂತಂದ್ರ ಮ್ಯಾಲಾತು.

ಹಣಿ ಸ್ವಚ್ಛ ಮಾಡೋದರ ಬಗ್ಗೆ ಒಂದು. ವಿಭೂತಿ, ಕುಂಕುಮ ಯಿನ್‌ಟಾಂಗ್ ಮ್ಯಾಲೇ ಇರ್ತಾವ. ನೀವಾಗಿ ಒರಸಾಕ ಹೋಗಬ್ಯಾಡ್ರಿ, ಭಾಳ ಮಂದಿಗೆ ಸೇರಂಗಿಲ್ಲ. ಹತ್ತಿ ಅವರ ಕೈಗೆ ಕೊಟ್ಟು ನೀವೇ ಒರಸ್ಕೊಳ್ರಿ ಅನ್ರಿ, ಆಮ್ಯಾಲ ಸ್ಪಿರಿಟ್ ಹಚ್ಚಿ ಒಣಗಾಕ ಬಿಡ್ರಿ, ಹಸಿ ಇದ್ದಾಗ ಚುಚ್ಚಿದ್ರ ಉರೀತದ. ಕಣ್ಣಿನ ಹತ್ರ ಸ್ಪಿರಿಟ್ ತೊಟ್ಟಿಕ್ಕೋ ಹತ್ತಿ ಒಯ್ಯಬ್ಯಾಡ್ರಿ. ಸ್ಟಿಕರ್ ಬೊಟ್ಟು ಹಚ್ಚೋರಲ್ಲಿ ಅಂಟಿನ ರಸಾಯನಕ್ಕ ಅಲ್ಲೇ ಬಿಳಿ ಮಚ್ಚಿ ಬಿದ್ದಿರ್ತದ ಒಮ್ಮೊಮ್ಮೆ. ಸೂಜಿ ಹಾಕೂ ಮೊದಲ ತೋರಿಸಿ ಕೇಸ್ ಪೇಪರ್‌ನ್ಯಾಗ ಬರೀರಿ, ಇಲ್ಲಂದ್ರ ನಿಮ್ಮ ಸೂಜಿಯಿಂದೇ ಆತು ಅಂತಾರ.

ಇನ್ನ ಹಾಕಿದ ಸೂಜಿ ಎಷ್ಟು, ತಗದದ್ದು ಎಷ್ಟು, ಎರಡೂ ಬರೀರಿ. ಎಸ್‌ಟಿ 8 ಕೂದಲದಾಗ ಅರ್ಧ ಚುನ್ ಒಳಗ ಇರ್ತದ. ಹೆಣ್ಮಕ್ಕಳ ದಟ್ಟ ಕೂದಲದಾಗ ಅಲ್ಲಿ ಒಂದು ಉಳದ್ರ ಕಾಣಂಗೇ ಇಲ್ಲ, ತಲಿ ಬಾಚೋವಾಗ ಸಿಗ್ತದ.